ರೆಜ್ಜೋ ಎಮಿಲಿಯಾಗೆ ಅಧ್ಯಯನ ಪ್ರವಾಸ: ಪುಟ್ಟ ಮಕ್ಕಳ ಟೀಚರ್‌ಗಳಿಗೆ ಒಂದು ಮಾರ್ಗದರ್ಶಿ

ಇಟಲಿಯ ಉತ್ತರದಲ್ಲಿ, ಪಾರ್ಮಾ ಮತ್ತು ಮೊಡೆನಾ ನಡುವೆ ರೆಜ್ಜೋ ಎಮಿಲಿಯಾ ಎಂಬ ಊರಿದೆ. ಪ್ರವಾಸಿಗರು ಹುಡುಕಿಕೊಂಡು ಹೋಗುವ ಊರಲ್ಲ. ಮಿಲಾನ್‌ನಿಂದ ರೋಮ್‌ಗೆ ಹೋಗುವವರು ರೈಲಿನಲ್ಲಿ ದಾಟಿ ಹೋಗಿರುತ್ತಾರೆ, ಅಷ್ಟೆ. ಆದರೆ ಪುಟ್ಟ ಮಕ್ಕಳ ಟೀಚರ್‌ಗಳಿಗೆ ಇದು ದೊಡ್ಡ ಹೆಸರು. ಆರು ವರ್ಷದೊಳಗಿನ ಮಕ್ಕಳಿಗಾಗಿ ಇಲ್ಲಿನ ನಗರಸಭೆ ನಡೆಸುವ ಶಾಲೆಗಳನ್ನು ನೋಡಲು ಎಷ್ಟೋ ದೇಶಗಳಿಂದ ಜನ ಬರುತ್ತಾರೆ. ಇಂದು ಏನು ಕಲಿಯಬೇಕು ಎಂಬುದು ಇಲ್ಲಿ ಪಠ್ಯಪುಸ್ತಕದಿಂದ ಬರುವುದಿಲ್ಲ. ಮಗು ಒಂದು ಪ್ರಶ್ನೆ ಎತ್ತುತ್ತದೆ, ದೊಡ್ಡವರು ಅದರ ಬೆನ್ನು ಹತ್ತುತ್ತಾರೆ.

ಹೋಗಿ ಬಂದವರ ಫೋನಿನಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಗೊತ್ತಾ? ಕೆಳಗಿನಿಂದ ಬೆಳಕು ಬರುವ ಮೇಜು, ಮರದ ಕಪಾಟು, ಗಾಜಿನ ಡಬ್ಬಿಗಳಲ್ಲಿ ಬಣ್ಣ ಬಣ್ಣದ ಗುಂಡಿ. ಎಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ಕಲಿಯಬೇಕಾದದ್ದು ಪೀಠೋಪಕರಣ ಅಲ್ಲ. ಮಕ್ಕಳು ಮಾತಾಡುವಾಗ ದೊಡ್ಡವರು ಹೇಗೆ ಕೇಳಿಸಿಕೊಳ್ಳುತ್ತಾರೆ, ಏನು ಬರೆದುಕೊಳ್ಳುತ್ತಾರೆ, ಬರೆದದ್ದನ್ನು ಮುಂದೆ ಏನು ಮಾಡುತ್ತಾರೆ, ಇದನ್ನು ನೋಡಬೇಕು. ಅದಕ್ಕೆ ಈ ಲೇಖನದಲ್ಲಿ ವಿಮಾನ, ಹೋಟೆಲಿಗಿಂತ ತಯಾರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು: ಹೋಗಲೇಬೇಕಾ?

ಇದು ದುಬಾರಿ ಪ್ರವಾಸ. ಸಾಲ ಮಾಡಿ ಹೋಗುವಂಥದ್ದು ಅಲ್ಲವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಹತ್ತಿರದಲ್ಲೇ ನೋಡಿ ಕಲಿತವರು ನಮ್ಮಲ್ಲೇ ಇದ್ದಾರೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕೆಲಸ ನೋಡಿ ಬಂದರು. ಬಂದ ಮೇಲೆ ಕೂತು ತಮ್ಮ ಮಕ್ಕಳಿಗೆ ಹೊಂದುವ ಕಲಿಕೆಯ ಕಾರ್ಡ್‌ಗಳನ್ನು ತಾವೇ ಮಾಡಿಕೊಂಡರು. ನಲಿಕಲಿ ಹುಟ್ಟಿದ್ದು ಹಾಗೆ. ಆಮೇಲೆ ಅದು ರಾಜ್ಯದ ತುಂಬ ಹರಡಿತು. ನಲಿಕಲಿ ಒಂದನೇ ತರಗತಿಯಿಂದ ಶುರುವಾಗುವ ಪದ್ಧತಿ, ನಮ್ಮ ವಿಷಯ ಅದಕ್ಕಿಂತ ಚಿಕ್ಕ ಮಕ್ಕಳದ್ದು, ನಿಜ. ಆದರೂ ಒಂದು ಅಧ್ಯಯನ ಪ್ರವಾಸ ಹೇಗಿರಬೇಕು ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ಪುಟ್ಟ ಮಕ್ಕಳ ವಿಷಯದಲ್ಲೂ ಭಾರತದಲ್ಲಿ ಹಳೆಯ ದಾರಿಗಳಿವೆ. ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಎಂಬ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಮುಂದೆ ಅನುತಾಯಿ ವಾಘ್ ಜೊತೆ ಸೇರಿ ಮಹಾರಾಷ್ಟ್ರದ ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ಬಜೆಟ್ ಕಡಿಮೆ ಇದ್ದರೆ ಈ ಕಡೆ ಯೋಚಿಸಿ. ಮುಂದೆ ಹೇಳುವ ತಯಾರಿ ಅಲ್ಲಿಗೂ ನಡೆಯುತ್ತದೆ.

ಸರ್ಟಿಫಿಕೇಟ್ ಆಸೆಗೆ ಮಾತ್ರ ಹೋಗಬೇಡಿ. ರೆಜ್ಜೋದಲ್ಲಿ ನಡೆಯುವುದು ಫ್ರಾಂಚೈಸಿ ಅಲ್ಲ. ಮಾಂಟೆಸ್ಸರಿ ಡಿಪ್ಲೊಮಾದಂತೆ ರೆಜ್ಜೋ ಡಿಪ್ಲೊಮಾ ಇಲ್ಲ. ಬೇರೆ ಊರಿನ ಶಾಲೆ ಹೆಚ್ಚೆಂದರೆ 'ರೆಜ್ಜೋದಿಂದ ಪ್ರೇರಣೆ ಪಡೆದ ಶಾಲೆ' ಎಂದು ಹೇಳಿಕೊಳ್ಳಬಹುದು. ಬೆಂಗಳೂರಿನಲ್ಲಿ ಇಂಥ ಬೋರ್ಡ್ ನೋಡಿದಾಗಲೂ ಇದು ನೆನಪಿರಲಿ.

ಹೋಗುವುದೇ ಆದರೆ ಒಂದು ಶಾಲೆಯಿಂದ ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರೇ ಹೋಗಿ ಬಂದು ಸ್ಟಾಫ್ ರೂಮಿನಲ್ಲಿ ವರ್ಣಿಸಿದರೆ ಉಳಿದವರು ಫಾರಿನ್ ಕತೆಯ ಹಾಗೆ ಕೇಳುತ್ತಾರೆ. ಇಬ್ಬರಿದ್ದರೆ ವಾದ ಮಾಡಬಹುದು. ನಾನು ಕಂಡದ್ದು ಅವಳು ಕಂಡಿರುವುದಿಲ್ಲ, ಅಲ್ವಾ?

ಹೊರಡುವ ಮುಂಚೆ ನಿಮ್ಮ ಕ್ಲಾಸನ್ನೇ ನೋಡಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಕನಿಷ್ಠ ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ.

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಏನೂ ಕಲಿಸದೆ ಸುಮ್ನೆ ಕೂತು ನೋಡಿ. ಆಯಾ ಅಥವಾ ಸಹಾಯಕಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಯಾರಾದರೂ ಬಂದು ಕರೆಯುತ್ತಲೇ ಇರುತ್ತಾರೆ. ಮೂರು ನಾಲ್ಕು ಮಕ್ಕಳ ಒಂದು ಗುಂಪನ್ನು ಮಾತ್ರ ಆರಿಸಿಕೊಳ್ಳಿ. ಇಡೀ ಕ್ಲಾಸನ್ನು ಗಮನಿಸುತ್ತೇನೆ ಎಂದು ಹೊರಟರೆ ಏನೂ ಸಿಗುವುದಿಲ್ಲ.

ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಿರಿ. 'ಮಕ್ಕಳು ನೀರಿನಲ್ಲಿ ಖುಷಿಯಿಂದ ಆಡಿದರು' ಎಂದು ಬರೆದರೆ ಅದು ಟಿಪ್ಪಣಿಯಲ್ಲ, ನಿಮ್ಮ ತೀರ್ಪು. ಮೂರು ತಿಂಗಳು ಬಿಟ್ಟು ಓದಿದರೆ ಅದರಿಂದ ಏನೂ ತಿಳಿಯದು. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: 'ಒಬ್ಬಳು ಬಾಟಲಿ ಮುಚ್ಚಳದಲ್ಲಿ ನೀರು ತಂದು ಇರುವೆ ಸಾಲಿನ ಪಕ್ಕ ಇಟ್ಟಳು. ಇನ್ನೊಬ್ಬ, ಅವು ಕುಡಿಯಲ್ಲ, ಮುಳುಗ್ತವೆ ಅಂದ. ಅವಳು ನೀರು ಅರ್ಧ ಚೆಲ್ಲಿ ಮತ್ತೆ ಇಟ್ಟಳು.' ಈಗ ಇದರೊಳಗೆ ಏನೇನಿದೆ ನೋಡಿ. ಇರುವೆ ನೀರು ಕುಡಿಯುತ್ತದಾ? ಎಷ್ಟು ನೀರಾದರೆ ಮುಳುಗುತ್ತದೆ? ಆ ಹುಡುಗಿ ಗೆಳೆಯನ ಮಾತನ್ನು ತಳ್ಳಿಹಾಕಲೂ ಇಲ್ಲ, ಪೂರ್ತಿ ಒಪ್ಪಲೂ ಇಲ್ಲ. ನೀರು ಕಡಿಮೆ ಮಾಡಿ ಪರೀಕ್ಷೆಗೆ ಇಟ್ಟಳು. ಮುಂದಿನ ಒಂದು ವಾರದ ಕೆಲಸ ಅಲ್ಲೇ ಇದೆ.

ಮಕ್ಕಳ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳಿ. ಕಲಬುರ್ಗಿಯ ಮಗು 'ಬರ್ತಾವ' ಅಂದರೆ 'ಬರುತ್ತವೆ' ಎಂದು ತಿದ್ದಬೇಡಿ. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡುವ ಮಗು ಆ ಮಾತಿನಲ್ಲೇ ಹೇಳಿದರೆ ಅದನ್ನೇ ಬರೆದು, ಅರ್ಥ ಗೊತ್ತಿಲ್ಲದಿದ್ದರೆ ತಾಯಿಯನ್ನು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಪೋಷಕರ ಒಪ್ಪಿಗೆ ಮೊದಲು.

ಒಂದು ತಿಂಗಳ ಬಳಿಕ ನೋಟ್‌ಬುಕ್ ಓದಿ. ನಿಮ್ಮನ್ನು ಕಾಡುವ ಒಂದೇ ಒಂದು ಪ್ರಶ್ನೆ ಹೆಕ್ಕಿ. 'ಮಗು ಕೇಂದ್ರಿತ ಶಿಕ್ಷಣ ಎಂದರೇನು' ಎಂಬಂಥ ಸೆಮಿನಾರ್ ಪ್ರಶ್ನೆ ಬೇಡ. 'ಮಾತಾಡದ ಮಗು ಗುಂಪಿನ ಕೆಲಸದಲ್ಲಿ ಹೇಗೆ ಸೇರುತ್ತದೆ?', 'ಮಕ್ಕಳು ಒಂದು ಆಟವನ್ನು ನಾಳೆಗೂ ಮುಂದುವರಿಸಬೇಕು ಅಂದರೆ ಸಾಮಾನನ್ನು ಎಲ್ಲಿ ಬಿಡಬೇಕು?' ಇಂಥದ್ದು ಬೇಕು. ಪ್ರವಾಸಕ್ಕೆ ಒಯ್ಯುವ ಸಾಮಾನಿನಲ್ಲಿ ಈ ಪ್ರಶ್ನೆ ಪಾಸ್‌ಪೋರ್ಟ್‌ನಷ್ಟೇ ಮುಖ್ಯ.

ಊರಿನ ಕತೆ ಸ್ವಲ್ಪ ತಿಳಿದಿರಲಿ

1945ರ ವಸಂತ. ಯುದ್ಧ ಆಗಷ್ಟೇ ಮುಗಿದಿತ್ತು. ರೆಜ್ಜೋ ಪಕ್ಕದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ, ಓಡಿಹೋದ ಜರ್ಮನ್ ಸೈನ್ಯ ಬಿಟ್ಟುಹೋದ ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಮಾರಿ, ಬಂದ ದುಡ್ಡಿನಲ್ಲಿ ಪುಟ್ಟ ಮಕ್ಕಳಿಗೆ ಶಾಲೆ ಕಟ್ಟಲು ಹೊರಟರು. ಇಟ್ಟಿಗೆ ಹೊತ್ತವರಲ್ಲಿ ಹೆಂಗಸರು ಬಹಳ. ಈ ಸುದ್ದಿ ಕೇಳಿ ಲೋರಿಸ್ ಮಲಗುಜ್ಜಿ ಎಂಬ ಯುವ ಮೇಷ್ಟ್ರು ಸೈಕಲ್ ಹತ್ತಿ ನೋಡಲು ಬಂದರು. ಬಂದವರು ಆ ಕೆಲಸ ಬಿಡಲೇ ಇಲ್ಲ.

ನಗರಸಭೆಯ ಮೊದಲ ಶಾಲೆ ತೆರೆದದ್ದು 1963ರಲ್ಲಿ. ಆಗ ಇಟಲಿಯಲ್ಲಿ ಈ ವಯಸ್ಸಿನ ಮಕ್ಕಳ ಶಾಲೆಗಳು ಹೆಚ್ಚಾಗಿ ಚರ್ಚಿನ ಕೈಯಲ್ಲಿದ್ದವು. 1991ರಲ್ಲಿ ಅಮೆರಿಕದ ನ್ಯೂಸ್‌ವೀಕ್ ಇಲ್ಲಿನ ಡಯಾನಾ ಶಾಲೆಯನ್ನು ಜಗತ್ತಿನ ಅತ್ಯುತ್ತಮ ಶಾಲೆಗಳ ಸಾಲಿಗೆ ಸೇರಿಸಿತು. ಹೊರಗಿನವರು ಗುಂಪುಗುಂಪಾಗಿ ಬರತೊಡಗಿದರು. ಮಲಗುಜ್ಜಿ 1994ರಲ್ಲಿ ತೀರಿಕೊಂಡರು. ಹೊರಗಿನಿಂದ ಬರುವವರ ಭೇಟಿ, ತರಬೇತಿ ನೋಡಿಕೊಳ್ಳಲು ಅದೇ ವರ್ಷ ರೆಜ್ಜೋ ಚಿಲ್ಡ್ರನ್ ಎಂಬ ಸಂಸ್ಥೆ ಶುರುವಾಯಿತು. ಇವತ್ತಿಗೂ ನೀವು ಸಂಪರ್ಕಿಸಬೇಕಾದದ್ದು ಅದನ್ನೇ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇದು ಶ್ರೀಮಂತ ಖಾಸಗಿ ಶಾಲೆಯ ಕತೆಯಲ್ಲ. ಊರಿನವರು ಕಟ್ಟಿ, ತೆರಿಗೆ ಹಣದಲ್ಲಿ ನಡೆಸುವ ಶಾಲೆಗಳ ಕತೆ. ನಮ್ಮಲ್ಲಿ ಈ ಪದ್ಧತಿಯ ಹೆಸರು ಕೇಳುವುದು ಜಾಸ್ತಿ ಫೀಸಿನ ಪ್ರಿಸ್ಕೂಲುಗಳಲ್ಲಿ. ನ್ಯಾಯವಾಗಿ ಇದು ಅಂಗನವಾಡಿಯ ನೆಂಟ.

ನೋಂದಣಿ, ರಜೆ, ವೀಸಾ

ಶಾಲೆಗಳಿಗೆ ನೀವೇ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ. ರೆಜ್ಜೋ ಚಿಲ್ಡ್ರನ್ ನಡೆಸುವ ಅಂತರರಾಷ್ಟ್ರೀಯ ಅಧ್ಯಯನ ಗುಂಪಿಗೆ ಹೆಸರು ಕೊಡಬೇಕು. ಸಾಮಾನ್ಯವಾಗಿ ಒಂದು ವಾರದ ಕಾರ್ಯಕ್ರಮ. ಉಪನ್ಯಾಸ, ಶಾಲಾ ಭೇಟಿ, ಕೈಯಾರೆ ಕೆಲಸ, ಚರ್ಚೆ ಇರುತ್ತದೆ. ಇಟಾಲಿಯನ್ ಮಾತಿಗೆ ಇಂಗ್ಲಿಷ್ ಅನುವಾದ ಸಿಗುತ್ತದೆ. ದಿನಾಂಕ ಮತ್ತು ಶುಲ್ಕ ಅವರ ವೆಬ್‌ಸೈಟಿನಲ್ಲೇ ನೋಡಿ. ಏಜೆಂಟರ ಪ್ಯಾಕೇಜ್ ತೆಗೆದುಕೊಳ್ಳುವುದಾದರೆ ಅದರಲ್ಲಿ ಶಾಲೆಯೊಳಗಿನ ಭೇಟಿ ಇದೆಯೋ, ಬರೀ ಊರು ಸುತ್ತಿಸುವುದೋ ಎಂದು ಬರಹದಲ್ಲಿ ಕೇಳಿ.

ಯಾವಾಗ ಹೋಗಬೇಕು? ನಮ್ಮ ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಇದು ನಮ್ಮ ಅದೃಷ್ಟ. ಈಸ್ಟರ್ ವಾರ, ಏಪ್ರಿಲ್ 25, ಮೇ 1 ಅಲ್ಲಿ ರಜೆ, ಅವನ್ನು ತಪ್ಪಿಸಿ. ದಸರಾ ರಜೆಯ ಅಕ್ಟೋಬರ್ ಕೂಡ ಆಗುತ್ತದೆ. ಆಗಸ್ಟ್ ಬೇಡ, ಇಡೀ ಇಟಲಿ ರಜೆಯಲ್ಲಿರುತ್ತದೆ.

ಸರ್ಕಾರಿ ಟೀಚರ್‌ಗಳು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ರಜೆಯಲ್ಲೇ ಹೋಗುತ್ತೇನಲ್ಲ ಎಂದು ಬಿಡಬೇಡಿ, ರಜೆಯಲ್ಲಿ ಹೋದರೂ ಬೇಕು. ಆ ಫೈಲು ಓಡಾಡಲು ಹಿಡಿಯುವ ಸಮಯ ನಿಮಗೇ ಗೊತ್ತು. ಖಾಸಗಿ ಶಾಲೆಯವರು ಆಡಳಿತ ಮಂಡಳಿಯಿಂದ ಎನ್‌ಒಸಿ ಮತ್ತು ರಜೆ ಪತ್ರ ಪಡೆಯಿರಿ. ವೀಸಾಗೂ ಅದೇ ಬೇಕಾಗುತ್ತದೆ.

ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ತೀರಾ ತಡವೆಂದರೂ ಹೊರಡಲು ಹದಿನೈದು ದಿನ ಇರುವಾಗ ಹಾಕಿರಬೇಕು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೂರು ತಿಂಗಳಾದರೂ ಕೈಯಲ್ಲಿರಲಿ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಾಪಸ್ ಬರುವ ದಿನದಿಂದ ಮುಂದೆ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ನೋಂದಣಿ ಆದ ಕೂಡಲೇ ಸಂಘಟಕರಿಂದ ದೃಢೀಕರಣ ಪತ್ರ ಕೇಳಿ ತರಿಸಿಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಐಟಿ ರಿಟರ್ನ್ಸ್ ಒಟ್ಟಿಗೆ ಜೋಡಿಸಿಡಿ.

ತಲುಪುವುದು, ಊಟ

ಬೊಲೊನ್ಯಾ ಅಥವಾ ಮಿಲಾನ್‌ಗೆ ವಿಮಾನ, ಅಲ್ಲಿಂದ ರೈಲು. ಬೊಲೊನ್ಯಾದಿಂದ ಸಾಧಾರಣ ರೈಲಿನಲ್ಲಿ ಮುಕ್ಕಾಲು ಗಂಟೆ ದಾರಿ. ರೆಜ್ಜೋದಲ್ಲಿ ಎರಡು ನಿಲ್ದಾಣಗಳಿವೆ ಎಂಬುದನ್ನು ಮರೆಯಬೇಡಿ. ವೇಗದ ರೈಲು ನಿಲ್ಲುವ ಮೆದಿಯೊಪದಾನಾ ನಿಲ್ದಾಣ ಊರ ಹೊರಗಿದೆ. ಸಾಧಾರಣ ರೈಲು ನಿಲ್ಲುವ ಹಳೆಯ ನಿಲ್ದಾಣದಿಂದ, ಕಾರ್ಯಕ್ರಮ ನಡೆಯುವ ಅಧ್ಯಯನ ಕೇಂದ್ರಕ್ಕೆ ನಡೆದೇ ಹೋಗಬಹುದು. ಕಾಗದದ ಟಿಕೆಟ್ ಆದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ.

ಸಸ್ಯಾಹಾರಿಗಳಿಗೆ ಉಪವಾಸವೇನೂ ಬೀಳುವುದಿಲ್ಲ. ತೊರ್ತೆಲ್ಲಿ ಎಂಬ ಹೂರಣದ ಪಾಸ್ತಾ ಇಲ್ಲಿನ ವಿಶೇಷ, ಸೊಪ್ಪು ತುಂಬಿದ್ದೂ ಕುಂಬಳಕಾಯಿ ತುಂಬಿದ್ದೂ ಸಿಗುತ್ತದೆ. ಕಪ್ಪೆಲ್ಲೆತ್ತಿ ಎಂಬ ಪಾಸ್ತಾ ಆದರೆ ಒಳಗೆ ಮಾಂಸ ಇರುತ್ತದೆ. ಎರ್ಬಜ್ಜೋನೆ ನೋಡಲು ಸೊಪ್ಪಿನ ಕಡುಬಿನಂತಿದ್ದರೂ ಹಂದಿ ಕೊಬ್ಬು ಹಾಕಿರಬಹುದು, ಕೇಳಿ ತಿನ್ನಿ. ಊರಿನ ಹೆಸರನ್ನೇ ಹೊತ್ತ ಪಾರ್ಮಿಜಾನೊ ರೆಜ್ಜಾನೊ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ತಿಳಿದಿರಿ.

ಅಲ್ಲಿ ಏನನ್ನು ನೋಡಬೇಕು

ನಿಮ್ಮ ದಿನಗಳು ಹೆಚ್ಚಾಗಿ ಕಳೆಯುವುದು ಲೋರಿಸ್ ಮಲಗುಜ್ಜಿ ಅಂತರರಾಷ್ಟ್ರೀಯ ಕೇಂದ್ರದಲ್ಲಿ. ಮೊದಲು ಇದು ಚೀಸ್ ಗೋದಾಮಾಗಿತ್ತು. 2006ರಲ್ಲಿ ಕೇಂದ್ರವಾಗಿ ತೆರೆಯಿತು. ಮಕ್ಕಳ ಕೆಲಸದ ಪ್ರದರ್ಶನಗಳು, ಬೆಳಕಿನ ಕಾರ್ಯಾಗಾರ ಎಲ್ಲ ಇಲ್ಲಿವೆ. ಶಾಲೆಗಳಿಗೆ ಇಲ್ಲಿಂದ ಗುಂಪು ಮಾಡಿ ಕರೆದೊಯ್ಯುತ್ತಾರೆ. ಶಾಲೆಯೊಳಗೆ ಫೋಟೊ, ವಿಡಿಯೊ ತೆಗೆಯುವಂತಿಲ್ಲ. ಕೆಲವರಿಗೆ ಇದರಿಂದ ಬೇಜಾರಾಗುತ್ತದೆ. ನನಗಂತೂ ಇದು ಒಳ್ಳೆಯ ನಿಯಮ. ಫೋನ್ ಒಳಗಿಟ್ಟ ಮೇಲೆ ಕಣ್ಣು ಕೆಲಸ ಮಾಡುತ್ತದೆ. ಪೆನ್ಸಿಲ್ಲಿನಲ್ಲಿ ನಕ್ಷೆ ಬರೆದುಕೊಳ್ಳಿ.

ಒಳಗೆ ಹೋದ ಕೂಡಲೇ ನಡುವಿನ ಹಜಾರ ಗಮನಿಸಿ. ಊರಿನ ಚೌಕದ ಹಾಗೆ ಎಲ್ಲ ಕ್ಲಾಸಿನವರೂ ಅಲ್ಲಿ ಸೇರುತ್ತಾರೆ. ಅಡುಗೆಮನೆ ಮಕ್ಕಳ ಕಣ್ಣಿಗೆ ಬೀಳುವ ಹಾಗಿರುತ್ತದೆ. ಅಡುಗೆಯವರನ್ನೂ ಶಿಕ್ಷಣದ ಸಿಬ್ಬಂದಿ ಎಂದೇ ಎಣಿಸುತ್ತಾರೆ. ನಮ್ಮ ಬಿಸಿಯೂಟದ ಅಕ್ಕಂದಿರನ್ನು, ಅಂಗನವಾಡಿ ಸಹಾಯಕಿಯರನ್ನು ಮೀಟಿಂಗಿಗೆ ಕರೆಯುತ್ತೇವಾ? ಯೋಚಿಸಿ.

ಒಂದು ಕ್ಲಾಸಿಗೆ ಸುಮಾರು 25 ಮಕ್ಕಳು, ಇಬ್ಬರು ಟೀಚರ್‌ಗಳು. ಇಬ್ಬರೂ ಸಮಾನರು, ಒಬ್ಬರು ಹೆಡ್ ಇನ್ನೊಬ್ಬರು ಅಸಿಸ್ಟೆಂಟ್ ಅಲ್ಲ. ಮೂರು ವರ್ಷ ಅದೇ ಗುಂಪಿನ ಜೊತೆ ಇರುವುದು ರೂಢಿ. ಜೊತೆಗೆ ಅಟೆಲಿಯೆ ಎಂಬ ಕೈಕೆಲಸದ ಕೋಣೆ. ಅದನ್ನು ನೋಡಿಕೊಳ್ಳುವ ಅಟೆಲಿಯರಿಸ್ತಾ ಕಲೆಯ ಹಿನ್ನೆಲೆಯವರು. ಹಲವು ಶಾಲೆಗಳಿಗೆ ಒಬ್ಬರಂತೆ ಪೆಡಗೋಜಿಸ್ತಾ ಎಂಬ ಶಿಕ್ಷಣ ಮಾರ್ಗದರ್ಶಕರು ಇರುತ್ತಾರೆ. ನಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನೆನಪಾಗಬಹುದು. ಆದರೆ ಅವರ ಕೆಲಸ ಅಂಕಿಅಂಶ ಸಂಗ್ರಹ ಅಲ್ಲ, ಟೀಚರ್‌ಗಳು ಬರೆದದ್ದನ್ನು ಅವರ ಜೊತೆ ಕೂತು ಓದುವುದು. ಅಂಗವೈಕಲ್ಯ ಇರುವ ಮಕ್ಕಳಿಗೆ ಪ್ರವೇಶದಲ್ಲಿ ಮೊದಲ ಆದ್ಯತೆ. ಇಂಥ ಮಗು ಇರುವ ಕ್ಲಾಸಿನಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ.

ಆಮೇಲೆ ಗೋಡೆಗಳು. ಜಾಸ್ತಿ ಹೊತ್ತು ಇಲ್ಲೇ ನಿಲ್ಲಬೇಕು. ನಮ್ಮಲ್ಲಿ ಗೋಡೆಗೆ ಅಂಟಿಸುವುದು ಮುಗಿದ ಚಿತ್ರ, ಅದೂ ಚೆನ್ನಾಗಿ ಬಂದದ್ದು. ಅಲ್ಲಿ ಮಗು ಮೊದಲು ಏನೆಂದಿತು, ಏನು ಪ್ರಯತ್ನಿಸಿತು, ಯಾವುದು ಕೆಟ್ಟುಹೋಯಿತು, ಟೀಚರ್ ಏನು ಅಂದುಕೊಂಡಿದ್ದರು ಎಂಬುದೆಲ್ಲ ಮಾತು, ಚಿತ್ರ, ಫೋಟೊಗಳಲ್ಲಿ ಸಾಲಾಗಿ ಇರುತ್ತದೆ.

ಇದಕ್ಕೆ ಡಯಾನಾ ಶಾಲೆಯ ಒಂದು ಪ್ರಸಂಗ ಒಳ್ಳೆಯ ಉದಾಹರಣೆ. ಶಾಲೆಗೆ ಇನ್ನೊಂದು ಮೇಜು ಬೇಕಾಯಿತು, ಇರುವ ಮೇಜಿನಷ್ಟೇ ದೊಡ್ಡದು. ಬಡಗಿಯನ್ನು ಕರೆಯೋಣ ಎಂದರು ಐದಾರು ವರ್ಷದ ಮಕ್ಕಳು. ಬಡಗಿ ಬಂದು, ಅಳತೆ ಕೊಡಿ ಮಾಡಿಕೊಡುತ್ತೇನೆ ಎಂದ. ಅಳೆಯುವುದು ಹೇಗೆ? ಬೆರಳು, ಅಂಗೈ, ಕಾಲು ಎಲ್ಲ ಇಟ್ಟು ನೋಡಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂತು. ಕಾಗದದ ಪಟ್ಟಿ ಮಾಡಿ ತಮ್ಮದೇ ಅಂಕಿ ಬರೆದುಕೊಂಡರು, ಅವೂ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಒಬ್ಬ ಹುಡುಗನ ಶೂ ಎಲ್ಲರ ಅಳತೆಗೋಲಾಯಿತು. ಅಲ್ಲಿಂದ ಮೀಟರಿಗೆ ಬಂದರು. ಮೀಟರ್ ಪಟ್ಟಿ ಕೊಟ್ಟು ಎರಡೇ ನಿಮಿಷದಲ್ಲಿ ಮುಗಿಸಬಹುದಿತ್ತು. ಟೀಚರ್‌ಗಳು ಕೊಡಲಿಲ್ಲ. ಹಾಗೆಂದು ಕೈಕಟ್ಟಿ ಕೂರಲೂ ಇಲ್ಲ. ಯಾವಾಗ ಏನು ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ದಿನವೂ ಚರ್ಚಿಸಿದರು. 'ಮಗು ಮುನ್ನಡೆಸುತ್ತದೆ' ಅಂದರೆ ಟೀಚರ್‌ಗೆ ಕೆಲಸ ಕಡಿಮೆ ಅಂತ ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ನಿಜವಾಗಿ ಕೆಲಸ ಹೆಚ್ಚುತ್ತದೆ.

ಊರಲ್ಲಿ ಸಮಯ ಸಿಕ್ಕರೆ ರೆಮಿದಾ ನೋಡಿ. ಕಾರ್ಖಾನೆಗಳಲ್ಲಿ ಉಳಿದ ಕಾಗದ, ಪ್ಲಾಸ್ಟಿಕ್, ಚರ್ಮದ ತುಂಡುಗಳನ್ನು ಒಟ್ಟು ಮಾಡಿ, ಬಣ್ಣ ಮತ್ತು ಆಕಾರದ ಪ್ರಕಾರ ಜೋಡಿಸಿ ಶಾಲೆಗಳಿಗೆ ಕೊಡುವ ಜಾಗ. 1996ರಿಂದ ನಡೆಯುತ್ತಿದೆ. ಅಲ್ಲಿಂದ ಚೀಲ ತುಂಬಿಕೊಂಡು ಬರುವ ಅಗತ್ಯವಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಉಳಿದ ಮರದ ಚೂರು, ಇಳಕಲ್ ಮಗ್ಗದ ನೂಲು, ಟೈಲರ್ ಅಂಗಡಿಯ ಬಟ್ಟೆ ತುಂಡು, ಪ್ರೆಸ್ಸಿನ ಕಾಗದದ ಅಂಚು ನಮ್ಮಲ್ಲೂ ಇವೆ. ನೋಡಬೇಕಾದದ್ದು ಅವರು ಜೋಡಿಸುವ ರೀತಿ.

ಸಂಜೆ ಕೆಲಸ

ದಿನಾ ರಾತ್ರಿ ಮಲಗುವ ಮುಂಚೆ ಮೂರು ವಿಷಯ ಬರೆಯಿರಿ. ನಿಮ್ಮ ಪ್ರಶ್ನೆಗೆ ಇಂದು ಏನು ಸಿಕ್ಕಿತು? ಯಾವುದನ್ನು ಒಪ್ಪಲಾಗಲಿಲ್ಲ? ಜೊತೆಗೆ ಬಂದವರು ಕಂಡದ್ದು ನಿಮಗೆ ಕಾಣದೇ ಹೋದದ್ದು ಯಾವುದು? ಎರಡನೆಯದನ್ನು ಮುಜುಗರವಿಲ್ಲದೆ ಬರೆಯಿರಿ. ಚರ್ಚೆಯಲ್ಲಿ ಕೇಳಲೂ ಕೇಳಿ. 'ನನ್ನ ಕ್ಲಾಸಿನಲ್ಲಿ ನಲವತ್ತು ಮಕ್ಕಳು, ನಾನೊಬ್ಬಳೇ' ಎಂಬುದು ದೂರಲ್ಲ, ವಸ್ತುಸ್ಥಿತಿ. ಅಲ್ಲಿನವರು ಸಿದ್ಧ ಉತ್ತರ ಕೊಡದೆ ಮರುಪ್ರಶ್ನೆ ಹಾಕುವುದೇ ಹೆಚ್ಚು. ಅಭ್ಯಾಸ ಇಲ್ಲದವರಿಗೆ ಮೊದಲೆರಡು ದಿನ ಸ್ವಲ್ಪ ಕಿರಿಕಿರಿ.

ಬಂದ ಮೇಲೆ

ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಹೆಡ್‌ಮಿಸ್ ಉತ್ಸಾಹದಲ್ಲಿ ಬೆಳಕಿನ ಮೇಜು ತರಿಸೋಣ ಎಂದರೂ ತಡೆಯಿರಿ.

ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಒಂದು ಭಾಗ ಖಾಲಿ ಮಾಡಿ. ಅಂಗಡಿಯಿಂದ ತಂದ ಹಣ್ಣು ತರಕಾರಿ ಚಾರ್ಟ್ ತೆಗೆದರೆ ಜಾಗ ಸಿಗುತ್ತದೆ. ನಾಲ್ಕು ಮಕ್ಕಳ ಒಂದು ಗುಂಪು, ಅವರದೇ ಒಂದು ಪ್ರಶ್ನೆ, ಎರಡು ವಾರ. ಅವರ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಪಕ್ಕದಲ್ಲಿ ಚಿತ್ರ. ಮಕ್ಕಳಿಗೆ ಓದಲು ಬರುವುದಿಲ್ಲ, ಆದರೆ ಅಲ್ಲಿರುವುದು ತಮ್ಮ ಮಾತು ಎಂದು ಗೊತ್ತಿರುತ್ತದೆ. ಓದಿ ಹೇಳಿ ಎಂದು ಕೇಳುತ್ತಾರೆ. ಓದಿದಾಗ 'ಅಲ್ಲ, ಈಗ ನನಗೆ ಹಾಗನ್ನಿಸಲ್ಲ' ಎಂದು ಬದಲಾಯಿಸಲೂಬಹುದು. ಅದನ್ನೂ ಸೇರಿಸಿ.

ಉಳಿದ ಮಕ್ಕಳು ಆಗ ಏನು ಮಾಡಬೇಕು? ಒಬ್ಬರೇ ಟೀಚರ್ ಇರುವ ಕಡೆ ಇದು ನಿಜವಾದ ಕಷ್ಟ. ಮರಳು, ನೀರು, ಬ್ಲಾಕ್‌ಗಳಂಥ ತಾವೇ ಆಡಿಕೊಳ್ಳುವ ಹೊತ್ತಿನಲ್ಲಿ ಒಂದು ಗುಂಪಿನ ಜೊತೆ ಹತ್ತು ನಿಮಿಷ ಕೂರಲು ಸಾಧ್ಯವಾದರೆ ಸದ್ಯಕ್ಕೆ ಸಾಕು. ಗುಂಪನ್ನು ಎರಡು ವಾರಕ್ಕೊಮ್ಮೆ ಬದಲಿಸಿ.

ಪೋಷಕರಿಂದ ತಕರಾರು ಬಂದೇ ಬರುತ್ತದೆ. 'ಅಆಇಈ ಬರೆಸಿಲ್ಲ, ಹೋಮ್‌ವರ್ಕ್ ಇಲ್ಲ' ಅನ್ನುತ್ತಾರೆ. ವಾದಕ್ಕಿಳಿಯಬೇಡಿ. ಮಗುವನ್ನು ಕರೆದೊಯ್ಯಲು ಬಂದಾಗ ಗೋಡೆಯ ಹತ್ತಿರ ಕರೆದು, ಅವರ ಮಗು ಆಡಿದ ಮಾತು ಓದಿ ತೋರಿಸಿ. ಅಜ್ಜಿ ಬಂದಿದ್ದರೆ ಇನ್ನೂ ಒಳ್ಳೆಯದು, ಇರುವೆಯ ಬಗ್ಗೆ ಅಜ್ಜಿಗೆ ಗೊತ್ತಿರುವುದನ್ನೂ ಬರೆದು ಅಂಟಿಸಬಹುದು.

ಸಹೋದ್ಯೋಗಿಗಳಿಗೆ ವರದಿ ಒಪ್ಪಿಸುವಾಗ ರೆಜ್ಜೋದ ಪಿಪಿಟಿ ಬೇಡ. ನಿಮ್ಮ ನೋಟ್‌ಬುಕ್ಕಿನ ಒಂದು ಪುಟವನ್ನು ಜೆರಾಕ್ಸ್ ಮಾಡಿ ಎಲ್ಲರಿಗೂ ಕೊಡಿ. ಈ ಮಕ್ಕಳು ಇಲ್ಲಿ ಏನನ್ನು ಹುಡುಕುತ್ತಿದ್ದಾರೆ, ನಾಳೆ ಇವರ ಮುಂದೆ ಏನಿಡಬೇಕು ಎಂದು ಕೇಳಿ. ತಿಂಗಳಿಗೊಮ್ಮೆ ಒಬ್ಬೊಬ್ಬರು ಒಂದೊಂದು ಪುಟ ತರುವ ಹಾಗೆ ಮಾಡಿ. ಕಡ್ಡಾಯ ಮಾಡಿದರೆ ಅದೂ ಒಂದು ರಿಜಿಸ್ಟರ್ ಆಗಿಬಿಡುತ್ತದೆ. ಬರುವ ನಾಲ್ಕು ಜನರ ಜೊತೆಗೇ ಶುರು ಮಾಡಿ.